ನೀವು ನೋಡಿದ ಊರುಗಳು

ಕನಜಾವಾ
ಜುಲೈ ೨೯, ೧೯೯೬

ತೊಕುಜಿ ಅವರಿಗೆ,

ನಿನ್ನೆ ಸಂಜೆ ಸುಖವಾಗಿ ತಲುಪಿದೆ. ಇಲ್ಲಿ ಸೆಕೆ ಎಂದರೆ ಸೆಕೆ. ಜೀರುಂಡೆಗಳು ಬೆಳಗಾಗುವ ಮೊದಲೇ ಶುರು ಹಚ್ಚಿಕೊಳ್ಳುತ್ತವೆ. ನಮ್ಮ ಸಕಾತದ ಜೀರುಂಡೆಗಳಿಗೆ ಇಷ್ಟು ಬಾಯಿಲ್ಲ.

ಫೋನ್ ಮಾಡುವುದಿಲ್ಲ ಎಂದು ಹೊರಡುವಾಗಲೇ ಹೇಳಿದ್ದೆ. ಹತ್ತೊಂಬತ್ತು ವರ್ಷ ನೀವು ಭಾನುವಾರ ತಪ್ಪದೆ ಫೋನ್ ಮಾಡಿದಿರಿ, ನಾನು ಮನೆಯ ಸುದ್ದಿಯೆಲ್ಲ ಹೇಳಿದೆ, ನೀವು 'ಹೂಂ' ಅಂದಿರಿ. ಆ 'ಹೂಂ' ಕೇಳುವುದಕ್ಕೆ ಈಗ ನಾನು ಇಲ್ಲಿಂದ ದುಡ್ಡು ಹಾಕಬೇಕೆ? ಅದಕ್ಕೇ ಕಾಗದ. ಕಾಗದದ ಮೇಲೆ 'ಹೂಂ' ಎಂದಷ್ಟೇ ಬರೆದು ಕಳಿಸಲು ನಿಮಗೂ ನಾಚಿಕೆಯಾದೀತು.

ಕಂಪನಿ ನಿಮ್ಮನ್ನು ಮೊದಲು ಕಳಿಸಿದ್ದು ಈ ಊರಿಗೇ ಅಲ್ಲವೆ. ಮಗ್ಗದ ಯಂತ್ರಗಳ ರಿಪೇರಿಗೆಂದು ಆರು ವರ್ಷ ಇಲ್ಲಿ, ಆಮೇಲೆ ನಾರಾ, ಆಮೇಲೆ ಕ್ಯೋತೊ. ಎಲ್ಲ ಗಂಡಸರ ಹಾಗೆ ನೀವು ಒಬ್ಬರೇ ಹೋದಿರಿ, ಎಲ್ಲ ಹೆಂಗಸರ ಹಾಗೆ ನಾನು ಅತ್ತೆಯನ್ನೂ ಮಗಳನ್ನೂ ನೋಡಿಕೊಂಡು ಸಕಾತದಲ್ಲಿ ಉಳಿದೆ. ಜನ ಜೀವಮಾನದಲ್ಲಿ ಒಮ್ಮೆಯಾದರೂ ನೋಡಬೇಕೆಂದು ಆಸೆಪಡುವ ಊರುಗಳಲ್ಲಿ ನೀವು ವರ್ಷಗಟ್ಟಲೆ ಇದ್ದಿರಿ. ನಾನು ಅವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೋಡಿದೆ. ಮಾರ್ಚ್‌ನಲ್ಲಿ ನೀವು ನಿವೃತ್ತರಾಗಿ ಬಂದ ಮೇಲೆ, ಆ ಊರುಗಳನ್ನೊಮ್ಮೆ ನೋಡುವ ಆಸೆ ಇದೆ ಎಂದು ನಾನೇ ಬಾಯಿಬಿಟ್ಟು ಹೇಳಿದೆ. ನೀವು ಪೇಪರಿನಿಂದ ತಲೆ ಎತ್ತಲಿಲ್ಲ. "ನಾನು ಅದನ್ನೆಲ್ಲ ನೋಡಿದ್ದೀನಿ. ನೀನು ಹೋಗಿ ಬಾ" ಅಂದಿರಿ. ಸರಿ, ಬಂದೆ.

ಇವತ್ತು ಬೆಳಿಗ್ಗೆ ದೊಡ್ಡ ಉದ್ಯಾನಕ್ಕೆ ಹೋಗಿದ್ದೆ. ಒಂದು ಕಾಲು ನೀರಿನಲ್ಲೂ ಒಂದು ಕಾಲು ದಂಡೆಯಲ್ಲೂ ಇಟ್ಟ ಆ ಕಲ್ಲಿನ ದೀಪದ ಮುಂದೆ ಜನ ಜೋಡಿ ಜೋಡಿಯಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ದಾರಿ ಬಿಟ್ಟು ಪಕ್ಕಕ್ಕೆ ನಿಂತೆ. ನಿಮಗೆ ಅಲ್ಲಿ ಯಾವ ಜಾಗ ಇಷ್ಟವಾಗಿತ್ತು? ಬರೆಯಿರಿ. ನಾನು ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ.

ಮೂರನೇ ತಾರೀಕಿನವರೆಗೆ ಇಲ್ಲೇ ಇರುತ್ತೇನೆ, ವಿಳಾಸ ಹಿಂದೆ ಬರೆದಿದೆ. ತೌಡಿನ ಉಪ್ಪಿನಕಾಯಿ ಗಡಿಗೆಗೆ ದಿನಾ ಕೈ ಹಾಕಿ ತಿರುವಿ, ಇಲ್ಲದಿದ್ದರೆ ಹುಳಿ ಹೆಚ್ಚಾಗುತ್ತದೆ. ಬೊನ್ ಹಬ್ಬಕ್ಕೆ ತೀರಿಹೋದವರು ಮನೆಗೆ ಬರುವಾಗ ಅತ್ತೆಯನ್ನು ಬರಮಾಡಿಕೊಳ್ಳಬೇಕಲ್ಲ, ಹನ್ನೆರಡನೇ ತಾರೀಕಿಗೆ ಬಂದುಬಿಡುತ್ತೇನೆ.

ಮಸುಯೊ


ಸಕಾತ
ಆಗಸ್ಟ್ ೧

ಮಸುಯೊಗೆ,

ಕಾಗದ ತಲುಪಿತು. ಇಲ್ಲಿ ಎಲ್ಲ ಕ್ಷೇಮ. ಗಡಿಗೆಯನ್ನು ದಿನಾ ತಿರುವುತ್ತಿದ್ದೇನೆ. ಮೊದಲ ದಿನ ಬಲಗೈ ಹಾಕಿದ್ದರಿಂದ ಪೇಪರಿಗೂ ತೌಡಿನ ವಾಸನೆ ಹತ್ತಿತು, ಈಗ ಎಡಗೈ ಹಾಕುತ್ತೇನೆ. ಹಿತ್ತಲ ಕೊಳಾಯಿಯ ವಾಷರ್ ಬದಲಾಯಿಸಿದೆ. ನೀರು ತೊಟ್ಟಿಕ್ಕುವುದು ನಿಂತಿದೆ.

ಪಕ್ಕದ ಮನೆಯ ಇಗಾರಾಶಿ ಅಜ್ಜಿ ಬೇಲಿಯಾಚೆಯಿಂದ, "ಏನಪ್ಪಾ ತೊಕುಜಿ, ನೀನು ಮನೆಗೆ ಬಂದೆ ಅಂತ ಅವಳು ಮನೆ ಬಿಟ್ಟಳಾ?" ಎಂದು ಕೇಳಿದಳು. ಊರು ನೋಡಲು ಹೋಗಿದ್ದಾಳೆ ಎಂದೆ. ಅವಳು ನಕ್ಕು ಒಂದು ಕಲ್ಲಂಗಡಿ ಕೊಟ್ಟಳು. ಒಬ್ಬನಿಗೆ ಅದು ದೊಡ್ಡದಾಯಿತು.

ಉದ್ಯಾನದ ವಿಷಯ ನೀನು ಕೇಳಿದ್ದೆ. ಕೊಳದ ಪೂರ್ವ ದಂಡೆಯಲ್ಲಿ ಒಂದು ಹಳೆಯ ಪೈನ್ ಮರವಿದೆ. ಅದರ ಕೆಳಗೆ ಒಂದು ಬೆಂಚು. ಸಂಜೆ ಅಲ್ಲಿ ಗಾಳಿ ಚೆನ್ನಾಗಿರುತ್ತದೆ.

ಬಿಸಿಲಿನಲ್ಲಿ ಹೆಚ್ಚು ತಿರುಗಬೇಡ.

ತೊಕುಜಿ


ನಾರಾ
ಆಗಸ್ಟ್ ೪

ತೊಕುಜಿ ಅವರಿಗೆ,

ನಿಮ್ಮ ಕಾಗದ ಹಿಡಿದುಕೊಂಡು ನಿನ್ನೆ ಸಂಜೆ ಕನಜಾವಾದಲ್ಲಿ ಆ ಬೆಂಚು ಹುಡುಕಿಕೊಂಡು ಹೋದೆ. ಪೂರ್ವ ದಂಡೆಯಲ್ಲಿ ಪೈನ್ ಮರಗಳೇನೋ ಬೇಕಾದಷ್ಟಿವೆ. ಬೆಂಚು ಕಾಣಲಿಲ್ಲ. ಕಳೆ ಕೀಳುತ್ತಿದ್ದ ಒಬ್ಬ ಮುದುಕಮ್ಮನನ್ನು ಕೇಳಿದೆ. ಈ ಪಕ್ಕದಲ್ಲಿ ಬೆಂಚು ಯಾವತ್ತೂ ಇರಲಿಲ್ಲ, ಹಾಕಲು ಬಿಡುವುದೂ ಇಲ್ಲ ಎಂದಳು. ವಯಸ್ಸಾಯಿತು, ಇವರಿಗೆ ಮರೆತಿರಬೇಕು ಎಂದುಕೊಂಡು ಸುಮ್ಮನಾದೆ. ಅಷ್ಟಕ್ಕೇ ಹಿಂದಿರುಗಿದ್ದರೆ ಚೆನ್ನಾಗಿತ್ತು.

ಹೊಸ ವರ್ಷದ ಕಾರ್ಡುಗಳಲ್ಲಿ ನಿಮ್ಮ ವಿಳಾಸ ಬರೆದೂ ಬರೆದೂ ಆ ಓಣಿಯ ಹೆಸರು ನನಗೆ ಬಾಯಿಪಾಠ. ಹೋದೆ. ನೀವು ಬಾಡಿಗೆಗಿದ್ದ ಮನೆಯ ಕೆಳಗಿನ ಊಟದ ಅಂಗಡಿ ಇನ್ನೂ ಇದೆ. ಅದನ್ನು ನಡೆಸುವ ಫುಕು ಅಜ್ಜಿಗೆ ನಿಮ್ಮ ಹೆಸರು ಹೇಳಿದ ಕೂಡಲೇ ನೆನಪಾಯಿತು.

"ನಿನ್ನ ಗಂಡನಾ? ಆರು ವರ್ಷ ಆ ಮೂಲೇಲಿ ಗೋಡೆ ಕಡೆ ಮುಖ ಮಾಡ್ಕೊಂಡು ಬಂಗುಡೆ ತಿಂದೋನು" ಎಂದಳು. ಉದ್ಯಾನಕ್ಕೆ ತುಂಬಾ ಹೋಗುತ್ತಿದ್ದರಂತೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ಅವನಾ? ಇಲ್ಲಿಂದ ಕೂಗಿದ್ರೆ ಕೇಳೋ ದೂರ ಕಣಮ್ಮ, ಒಂದು ದಿನಾನೂ ಹೋಗ್ಲಿಲ್ಲ. ಹೂವಿನ ಕಾಲದಲ್ಲಿ ಟಿಕೆಟ್ಟೂ ಇರಲ್ಲ, ಹೋಗೋ ಮಾರಾಯ ಅಂತ ನಾನೇ ಬೈದಿದ್ದೀನಿ. ಭಾನುವಾರ ಇಡೀ ದಿನ ಬಾಗಿಲು ಹಾಕ್ಕೊಂಡು ಮಲಗ್ತಿದ್ದ. ಯಾಕೋ ಅಂದ್ರೆ 'ಹೂಂ' ಅಂತಿದ್ದ."

ನೀವು ಬೇರೆಯವರಿಗೂ 'ಹೂಂ' ಅಂತಿದ್ದಿರಿ ಎಂದು ತಿಳಿದು ಅರೆಗಳಿಗೆ ಸಮಾಧಾನವಾದದ್ದು ನಿಜ. ಆಮೇಲೆ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ನೋಡದೇ ಇರುವ ತೋಟವನ್ನು ನೋಡಿದ್ದೇನೆ ಎಂದಿರಿ. ಇಲ್ಲದ ಬೆಂಚಿಗೆ ನನ್ನನ್ನು ಕಳಿಸಿದಿರಿ. ಯಾಕೆ? ನನ್ನ ಜೊತೆ ಬರುವುದು ತಪ್ಪಿದರೆ ಸಾಕು ಎಂದಿತ್ತು, ಅಷ್ಟೇ. ನನಗೆ ಬೇರೆ ಕಾರಣ ತೋಚುತ್ತಿಲ್ಲ. ತೋಚಿದರೆ ನೀವೇ ಬರೆಯಿರಿ.

ಇಲ್ಲಿ ಜಿಂಕೆಗಳು ಜನರ ಚೀಲಕ್ಕೆ ಮೂತಿ ಹಾಕುತ್ತವೆ. ಒಂದು ನನ್ನ ರೈಲಿನ ವೇಳಾಪಟ್ಟಿಯ ಅರ್ಧ ತಿಂದುಹಾಕಿತು. ದೊಡ್ಡ ಬುದ್ಧನ ಗುಡಿಯಲ್ಲಿ ಒಂದು ಕಂಬಕ್ಕೆ ತೂತಿದೆಯಲ್ಲ, ಮಕ್ಕಳು ಅದರೊಳಗೆ ನುಸುಳುತ್ತಿದ್ದರು. ಒಂದು ಚಿಕ್ಕ ವಯಸ್ಸಿನ ಜೋಡಿ ನನ್ನ ಕೈಗೆ ಕ್ಯಾಮೆರಾ ಕೊಟ್ಟು ಫೋಟೊ ತೆಗೆಸಿಕೊಂಡರು. ನಿಮ್ಮದೂ ತೆಗೆಯೋಣವೇ ಅಜ್ಜಿ ಎಂದರು. ಬೇಡ ಎಂದೆ. ಒಬ್ಬಳೇ ನಿಂತ ಫೋಟೊ ಯಾರಿಗೆ ತೋರಿಸಲಿ?

ಹನ್ನೆರಡಕ್ಕೆ ಬರುವುದು ಅನುಮಾನ. ಬರಬೇಕೋ ಬೇಡವೋ ಎಂದೇ ಗೊತ್ತಾಗುತ್ತಿಲ್ಲ. ಒಂಬತ್ತರಿಂದ ಕ್ಯೋತೊದಲ್ಲಿ, ಸಾಂಜೊ ಸೇತುವೆಯ ಹತ್ತಿರದ ಸಣ್ಣ ಛತ್ರದಲ್ಲಿರುತ್ತೇನೆ. ಉತ್ತರ ಅಲ್ಲಿಗೆ ಬರೆಯಿರಿ.

ಮಸುಯೊ


ಸಕಾತ
ಆಗಸ್ಟ್ ೮

ಮಸುಯೊಗೆ,

ಕಾಗದ ತಲುಪಿತು. ಎರಡು ದಿನ ಉತ್ತರ ಬರೆಯಲು ಕೂತೆ. ಆಗಲಿಲ್ಲ.

ಇಲ್ಲಿ ಎಲ್ಲ ಕ್ಷೇಮ. ಗಡಿಗೆಯ ಬದನೆಕಾಯಿಗೆ ಬಣ್ಣ ಚೆನ್ನಾಗಿ ಬಂದಿದೆ. ಅಮ್ಮನ ಗೋರಿಯ ಸುತ್ತ ಹುಲ್ಲು ಕಿತ್ತು ತೊಳೆದು ಬಂದೆ. ಹಿರಿಯರ ಪೂಜೆಯ ಗೂಡಿನ ಹಿತ್ತಾಳೆ ಸಾಮಾನು ಉಜ್ಜಿದ್ದೇನೆ.

ಊಟದ ಚಿಂತೆ ಮಾಡಬೇಡ. ಅನ್ನ, ಮಿಸೊ ಸಾರು ಮಾಡಲು ಕಲಿತೆ. ನೀನು ಹೊರಟ ದಿನದಿಂದ ದಿನಾ ಬೆಳಿಗ್ಗೆ ನೀನು ಕೂರುವ ಜಾಗದಲ್ಲಿ, ನಿನ್ನ ಬಟ್ಟಲಿನಲ್ಲಿ, ನಿನಗೂ ಬಡಿಸಿ ಇಡುತ್ತಿದ್ದೇನೆ. ಚಾಪ್‌ಸ್ಟಿಕ್ಕನ್ನೂ ಇಡುತ್ತೇನೆ. ಇದನ್ನು ಹೇಳಬೇಕು ಎನಿಸಿತು.

ಬರಲು ಅವಸರ ಮಾಡಬೇಡ. ಹಬ್ಬವನ್ನು ನಾನು ನೋಡಿಕೊಳ್ಳುತ್ತೇನೆ.

ತೊಕುಜಿ


ಕ್ಯೋತೊ
ಆಗಸ್ಟ್ ೧೧

ತೊಕುಜಿ ಅವರಿಗೆ,

ನಾನೊಂದು ಪ್ರಶ್ನೆ ಕೇಳಿದ್ದೆ. ನೀವು ಬದನೆಕಾಯಿಯ ಬಣ್ಣ ಬರೆದಿರಿ. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು.

ನನಗೆ ಎಡೆ ಇಡುತ್ತಿದ್ದೀರಿ. ಬದುಕಿರುವವಳಿಗೆ. ಅದೂ ಸತ್ತವರೆಲ್ಲ ಮನೆಗೆ ಬರುವ ಹಬ್ಬ ಎದುರಿಗಿರುವಾಗ. ನನ್ನ ತವರು ಯೊನೆಜಾವಾದ ಕಡೆ ಇಲ್ಲದವರ ಬಟ್ಟಲಿಗೆ ಬಡಿಸಿ ಅವರ ಜಾಗದಲ್ಲಿ ಇಡುವುದು ಯಾವಾಗ ಎಂದು ನಿಮಗೆ ಗೊತ್ತಿಲ್ಲವೆ? ನಮ್ಮಪ್ಪ ಸತ್ತಾಗ ನಲವತ್ತೊಂಬತ್ತು ದಿನ ಅಮ್ಮ ಹಾಗೆ ಇಟ್ಟಳು. ತಣ್ಣಗಾದ ಆ ಅನ್ನವನ್ನು ಸಂಜೆ ತೆಗೆಯುವ ಕೆಲಸ ನನ್ನದಾಗಿತ್ತು. ಇಷ್ಟು ವರ್ಷದಲ್ಲಿ ಅತ್ತೆಯೂ ಮನೆಯಲ್ಲಿ ಹೀಗೆ ಮಾಡಿದ್ದನ್ನು ನಾನು ಕಂಡಿಲ್ಲ. ಇದು ನಿಮ್ಮದೇ ಯೋಚನೆ. ಹೆಂಡತಿ ಬಾರದಿದ್ದರೂ ನಡೆಯುತ್ತದೆ, ಅವಳ ಪಾಲಿನದನ್ನು ಬಡಿಸಿ ಇಟ್ಟರಾಯಿತು ಎಂದು ಲೆಕ್ಕ ಮುಗಿಸಿದಿರಿ.

ನಿನ್ನೆ ನೀವು ಒಂಬತ್ತು ವರ್ಷ ಇದ್ದ ಜಾಗಕ್ಕೆ ಹೋದೆ. ಆ ಕಟ್ಟಡ ಈಗಿಲ್ಲ, ಕಾರು ನಿಲ್ಲಿಸುವ ಬಯಲಾಗಿದೆ. ಬಿಸಿಲಿನಲ್ಲಿ ಕೊಡೆ ಹಿಡಿದುಕೊಂಡು ಅಲ್ಲಿ ನಿಂತೆ. ಎಷ್ಟೋ ಭಾನುವಾರ ನಾನು ಮಾತಾಡಿದ್ದು ಈ ಜಾಗದ ಜೊತೆ ಎಂದು ಅನಿಸಿ ಅಳು ಬಂತು. ಕಾವಲಿನವನು ಬಂದು ಕಾರು ಯಾವುದು ಎಂದು ಕೇಳಿದ.

ಈಗ ನನ್ನ ತೀರ್ಮಾನ ಕೇಳಿ. ಹಬ್ಬಕ್ಕೆ ಬರುವುದಿಲ್ಲ. ಹದಿನಾರರ ಸಂಜೆ ಇಲ್ಲಿ ಬೆಟ್ಟದ ಮೇಲೆ ಸತ್ತವರನ್ನು ಬೀಳ್ಕೊಡುವ ದೊಡ್ಡ ಬೆಂಕಿ ಹಚ್ಚುತ್ತಾರಲ್ಲ, ಅದನ್ನು ನೋಡಿ ಮಾರನೇ ದಿನ ಕನಜಾವಾಕ್ಕೆ ಹೋಗುತ್ತೇನೆ. ಫುಕು ಅಜ್ಜಿಗೆ ಅಂಗಡಿಯಲ್ಲಿ ಕೈ ಸಾಲದು. ಮೇಲಿನ ಕೋಣೆ ಖಾಲಿಯಿದೆ, ಬಾ ಅಂದಿದ್ದಾಳೆ. ನೀವು ಇದ್ದ ಕೋಣೆಯೇ. ಅದರ ಕಿಟಕಿಯಿಂದ ಉದ್ಯಾನದ ಮರಗಳ ತುದಿ ಕಾಣುತ್ತದೆ, ನಾನು ಅವತ್ತೇ ಮೇಲೆ ಹೋಗಿ ನೋಡಿ ಬಂದೆ. ನೀವು ಅದನ್ನೂ ನೋಡಿರಲಿಕ್ಕಿಲ್ಲ.

ನೀವು ಅತ್ತೆಗೆ ಅವರ ನಾಲ್ಕು ದಿನ ಚೆನ್ನಾಗಿ ಮಾಡಿ. ಅವರಿಗೆ ನೀವು ಯಾವತ್ತೂ ತಪ್ಪಿಸಿಲ್ಲ.

ಮಸುಯೊ


ಕ್ಯೋತೊ ಸ್ಟೇಷನ್
ಆಗಸ್ಟ್ ೧೬, ಬೆಳಿಗ್ಗೆ

ಮಸುಯೊಗೆ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಿನ್ನ ಛತ್ರದ ಯಜಮಾನಿಯ ಕೈಗೆ ಕೊಡುತ್ತೇನೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಎದುರಿಗೆ ಬಂದರೆ ನನ್ನ ಬಾಯಿಂದ 'ಹೂಂ' ಬಿಟ್ಟು ಬೇರೇನೂ ಹೊರಡದು, ಅದು ನಿನಗೂ ಗೊತ್ತು.

ನಿನ್ನ ಕಾಗದ ಹದಿಮೂರರ ಸಂಜೆ ಬಂತು. ನಾನು ಬಾಗಿಲ ಮುಂದೆ ಅಮ್ಮನನ್ನು ಬರಮಾಡಿಕೊಳ್ಳುವ ಬೆಂಕಿ ಹಚ್ಚಿದ್ದೆ. ಅದರ ಬೆಳಕಿನಲ್ಲೇ ಓದಿದೆ.

ಮೊದಲು ಊಟದ ವಿಷಯ. ನಿಮ್ಮ ಕಡೆ ಅದು ಸತ್ತವರಿಗೆ ಎಂದು ನನಗೆ ಗೊತ್ತಿರಲಿಲ್ಲ. ನೀನು ಬೆಟ್ಟದ ಸೀಮೆಯವಳು, ನಾವು ಕಡಲಿನವರು. ಅಪ್ಪನ ದೋಣಿ ಹೊರಗಿರುವಷ್ಟು ದಿನ ಅಮ್ಮ ಅವನ ಜಾಗದಲ್ಲಿ ಅವನ ಬಟ್ಟಲಿಗೆ ಬಡಿಸಿ ಇಡುತ್ತಿದ್ದಳು. ಹಾಗಿಟ್ಟರೆ ಹೋದವನು ಹಸಿವಿನಿಂದ ಇರುವುದಿಲ್ಲ, ದಾರಿ ತಪ್ಪುವುದಿಲ್ಲ ಎಂದು ನಂಬಿಕೆ. ಸ್ವಲ್ಪ ಹೊತ್ತಾದ ಮೇಲೆ ಸಾರಿನ ಬಟ್ಟಲ ಮುಚ್ಚಳ ಎತ್ತಿ ನೋಡುತ್ತಿದ್ದಳು. ಒಳಗಡೆ ನೀರಿನ ಹನಿ ಕಟ್ಟಿದ್ದರೆ ಅವನು ಚೆನ್ನಾಗಿದ್ದಾನೆ ಎಂದರ್ಥ. ನಾನು ಚಿಕ್ಕವನಿದ್ದಾಗ ಒಂದು ಚಳಿಗಾಲ ದೋಣಿ ಬರಲಿಲ್ಲ. ದೋಣಿ ಮುಳುಗಿದ ಸುದ್ದಿ ತಿಂಗಳಾದ ಮೇಲೆ ಬಂತು. ಆ ತಿಂಗಳಿಡೀ ಮುಚ್ಚಳದಲ್ಲಿ ಹನಿ ಇತ್ತು. ಅಮ್ಮ ಬಟ್ಟಲನ್ನು ಒಲೆಯ ಕಲ್ಲಿಗೆ ಬಡಿದಳು. ಆಮೇಲೆ ಜೀವ ಇರುವವರೆಗೂ ಯಾರಿಗೂ ಹಾಗೆ ಬಡಿಸಲಿಲ್ಲ. ನಾನು ಹತ್ತೊಂಬತ್ತು ವರ್ಷ ಹೊರಗಿದ್ದಾಗ ನನಗೂ ಬಡಿಸಲಿಲ್ಲ. ಅದಕ್ಕೇ ನೀನು ಕಂಡಿಲ್ಲ.

ಬಿಸಿ ಸಾರಿಗೆ ಮುಚ್ಚಿದರೆ ಹನಿ ಕಟ್ಟದೆ ಇರುತ್ತದೆಯೆ. ನಾನು ಯಂತ್ರ ರಿಪೇರಿ ಮಾಡುವವನು, ಅಷ್ಟು ತಿಳಿಯುತ್ತದೆ. ಆದರೂ ದಿನಾ ಮುಚ್ಚಳ ಎತ್ತಿ ನೋಡುತ್ತಿದ್ದೆ. ಹನಿ ಕಂಡ ಮೇಲೆ ನಾನು ಊಟ ಮಾಡುತ್ತಿದ್ದೆ.

ಇನ್ನು ತೋಟದ ವಿಷಯ. ನಾನು ಏನನ್ನೂ ನೋಡಿಲ್ಲ, ಮಸುಯೊ. ಕನಜಾವಾದಲ್ಲೂ ಇಲ್ಲ, ನಾರಾದಲ್ಲೂ ಇಲ್ಲ, ಇಲ್ಲಿಯೂ ಇಲ್ಲ. ಮೊದಲ ವರ್ಷ ನೀನು ಬಂದಾಗ ಒಟ್ಟಿಗೆ ಹೋಗೋಣ ಎಂದು ಬಿಟ್ಟೆ. ಮಗಳು ಚಿಕ್ಕವಳು, ಅಮ್ಮನಿಗೆ ಹುಷಾರಿಲ್ಲ, ನಿನಗೆ ಬರಲಾಗಲಿಲ್ಲ. ಎರಡನೇ ವರ್ಷವೂ ಬಿಟ್ಟೆ. ಆಮೇಲೆ ಒಬ್ಬನೇ ಹೋಗಿಬಿಟ್ಟರೆ ನೀನು ಇನ್ನು ಬರುವುದೇ ಇಲ್ಲ ಎಂದು ಒಪ್ಪಿಕೊಂಡ ಹಾಗೆ ಅನಿಸತೊಡಗಿತು. ಭಾನುವಾರ ಮಲಗುತ್ತಿದ್ದೆ. ಅಜ್ಜಿ ಹೇಳಿದ್ದು ನಿಜ. ನಿನಗೆ ಫೋನ್ ಮಾಡುವ ಹೊತ್ತಿಗೆ ಏಳುತ್ತಿದ್ದೆ.

ಈ ಬೇಸಿಗೆಯಲ್ಲಿ ನೀನು ಆಸೆ ಇದೆ ಎಂದಾಗ ನಾನೂ ಬರುತ್ತೇನೆ ಎನ್ನಬೇಕೆಂದಿತ್ತು. ಆದರೆ ಹೇಳುವ ಮೊದಲೇ ನೀನು ಅಟ್ಟದಿಂದ ನಿನ್ನ ಚೀಲ ಇಳಿಸಿ ಒರೆಸಿಟ್ಟಿದ್ದೆ. ಒಂದೇ ಚೀಲ. ನಾನು ಬಂದರೆ ಇವಳಿಗೆ ಉಸಿರು ಕಟ್ಟುತ್ತದೆ, ಒಬ್ಬಳೇ ಹೋಗಬೇಕೆಂದಿದ್ದಾಳೆ ಎಂದುಕೊಂಡೆ. ನಿನಗೆ ಸುಲಭವಾಗಲಿ ಎಂದು ನೋಡಿದ್ದೇನೆ ಎಂದುಬಿಟ್ಟೆ. ಬೆಂಚನ್ನೂ ಹಾಗೇ ಬರೆದೆ. ನೀನು ಕೂರುತ್ತೇನೆ ಎಂದಿದ್ದೆಯಲ್ಲ, ಕೂರಲು ಏನಾದರೂ ಬೇಕಿತ್ತು.

ಹದಿನಾಲ್ಕರಂದು ದಿನವಿಡೀ ಹಿರಿಯರ ಗೂಡಿನ ಮುಂದೆ ಕೂತೆ. ಅಮ್ಮ ಬಂದು ಒಂದೇ ರಾತ್ರಿಯಾಗಿತ್ತು. ಹದಿನಾರರ ಸಂಜೆಯವರೆಗೆ ಅವಳನ್ನು ಬಿಟ್ಟು ಕದಲುವ ಹಾಗಿಲ್ಲ. ನೀನು ಬರೆದದ್ದು ಸರಿ, ಅವಳಿಗೆ ನಾನು ಯಾವತ್ತೂ ತಪ್ಪಿಸಿರಲಿಲ್ಲ. ನಿನಗೆ ಎಷ್ಟು ಸಲ ತಪ್ಪಿಸಿದ್ದೇನೆ ಎಂದು ಯೋಚಿಸಿದೆ. ಕೊನೆಗೆ ಅವಳಿಗೆ ಬಾಯಿಬಿಟ್ಟೇ ಹೇಳಿದೆ. "ಅಮ್ಮಾ, ಈ ವರ್ಷ ಒಂದು ದಿನ ಮೊದಲೇ ಹೊರಡು. ಬೇಜಾರು ಮಾಡ್ಕೋಬೇಡ. ನಾನು ಮಸುಯೊ ಹತ್ರ ಹೋಗಬೇಕು."

ಬರುವಾಗ ಬೇಗ ಬರಲಿ ಎಂದು ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ ಮಾಡಿ ಇಟ್ಟಿದ್ದೆ. ಹೋಗುವಾಗ ನಿಧಾನವಾಗಿ ಹೋಗಲಿ ಎಂದು ಬದನೆಕಾಯಿ ಹಸುವನ್ನೂ ಮಾಡಿದ್ದೆ. ಹಸುವನ್ನು ತೆಗೆದುಹಾಕಿ ಅಲ್ಲಿಗೂ ಒಂದು ಸೌತೆಕಾಯಿ ಕುದುರೆ ಮಾಡಿದೆ. ನಿನ್ನೆ ಸಂಜೆ ಬೀಳ್ಕೊಡುವ ಬೆಂಕಿ ಹಚ್ಚಿದಾಗ ಇಗಾರಾಶಿ ಅಜ್ಜಿ ಬೇಲಿ ಹತ್ತಿರ ಓಡಿ ಬಂದಳು. "ಇವತ್ತೇ ಕಳಿಸ್ತಿದೀಯಾ? ತಲೆ ಕೆಟ್ಟಿದೆಯೇನೋ ನಿಂಗೆ?" ಎಂದಳು. ಹೌದು ಎಂದೆ. ಅವಳು ಕುದುರೆ ನೋಡಿದಳು, ನನ್ನ ಚೀಲ ನೋಡಿದಳು. ಆಮೇಲೆ ನನ್ನ ಪಕ್ಕ ಕೂತು ಅಮ್ಮನಿಗೆ ಕೈ ಮುಗಿದಳು.

ಬೆಂಕಿ ಆರಿದ ಮೇಲೆ ಒಳಗೆ ಹೋಗಿ ನಿಂತೆ. ಮನೆಯಲ್ಲಿ ಸತ್ತವರೂ ಇಲ್ಲ, ಬದುಕಿರುವವರೂ ಇಲ್ಲ. ನೀನು ಅಷ್ಟು ವರ್ಷ ಎಂಥ ಮನೆಯಲ್ಲಿದ್ದೆ ಎಂದು ನನಗೆ ಆಗ ಗೊತ್ತಾಯಿತು. ದೀಪ ಆರಿಸಿ ಸ್ಟೇಷನ್ನಿಗೆ ನಡೆದೆ.

ಕಡಲ ದಂಡೆಯ ರೈಲಿನಲ್ಲಿ ಬಂದೆ. ರೈಲಿನ ತುಂಬ ಹಬ್ಬ ಮುಗಿಸಿಕೊಂಡು ಊರಿನಿಂದ ಮರಳುವ ಜನ.

ವಾಪಸ್ಸು ಬಾ ಎಂದು ಕರೆಯಲು ನಾನು ಬಂದಿಲ್ಲ. ಕನಜಾವಾದ ಕೋಣೆಗೆ ಹೋಗಬೇಕೆಂದಿದ್ದರೆ ಹೋಗು. ಹೋಗುವ ಮೊದಲು ನಿನ್ನ ಜೊತೆ ಒಂದು ದಿನ ನನ್ನನ್ನೂ ಕರೆದುಕೊಂಡು ತಿರುಗು ಎಂದು ಕೇಳಲು ಬಂದಿದ್ದೇನೆ. ನನಗೆ ಈ ಊರಿನಲ್ಲಿ ಕಂಪನಿಗೆ ಹೋಗುವ ದಾರಿ ಒಂದು ಬಿಟ್ಟು ಬೇರೆ ದಾರಿ ಗೊತ್ತಿಲ್ಲ. ಛತ್ರದ ಹೊರಗೆ ಕಾಯುತ್ತಿರುತ್ತೇನೆ.

ತೊಕುಜಿ


ಕ್ಯೋತೊ
ಆಗಸ್ಟ್ ೧೬

ಯಜಮಾನಿಯ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಕಿಟಕಿಯಿಂದ ನೀವು ಕಾಣುತ್ತಿದ್ದೀರಿ. ಆ ಅಂಗಿಯನ್ನು ಇಸ್ತ್ರಿ ಮಾಡದೆ ಯಾಕೆ ಹಾಕಿಕೊಂಡು ಬಂದಿರಿ?

ಈಗ ನಾನು ಹೊರಗೆ ಬರುವುದಿಲ್ಲ. ಅತ್ತು ಮುಖವೆಲ್ಲ ಊದಿಕೊಂಡಿದೆ, ಈ ಮುಖ ಹೊತ್ತು ಬೀದಿಗೆ ಬರಲಾರೆ. ಅದೂ ಅಲ್ಲದೆ, ನೀವು ಅಂಗಳಕ್ಕೆ ಬಂದ ಕೂಡಲೇ ಓಡಿ ಬರುವಷ್ಟು ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅತ್ತೆಯನ್ನು ಕುದುರೆ ಹತ್ತಿಸಿ ಕಳಿಸಿದಿರಾ? ಇಷ್ಟು ವರ್ಷದಲ್ಲಿ ನೀವು ನನಗಾಗಿ ಮಾಡಿದ ಕೆಲಸದಲ್ಲಿ ಇಷ್ಟು ದೊಡ್ಡದು ಬೇರೊಂದಿಲ್ಲ. ಅವರು ಮುಂದಿನ ವರ್ಷ ಬಂದಾಗ ಕ್ಷಮೆ ಕೇಳಲು ನಾನೂ ಇರಬೇಕಾಗುತ್ತದೆ. ಮನೆಯ ವಿಷಯ ಈಗ ಇಷ್ಟೇ ಹೇಳುತ್ತೇನೆ.

ಇವತ್ತು ಹಗಲಿಡೀ ನೀವು ಒಬ್ಬರೇ ತಿರುಗಿ. ನನ್ನ ಜೊತೆ ನೋಡಲೆಂದು ಏನನ್ನೂ ಉಳಿಸಬೇಡಿ. ಸೇತುವೆ ದಾಟಿ ಬೆಟ್ಟದ ಕಡೆ ನಡೆದರೆ ದಾರಿಯುದ್ದಕ್ಕೂ ಗುಡಿಗಳಿವೆ, ಯಾವುದಕ್ಕಾದರೂ ಹೋಗಿ. ಜೋಡಿ ಜೋಡಿಯಾಗಿ ನಿಂತವರ ಮಧ್ಯೆ ಒಬ್ಬರೇ ನಿಂತು ನೋಡುವುದು ಹೇಗಿರುತ್ತದೆ ಎಂದು ನಿಮಗೂ ಗೊತ್ತಾಗಲಿ. ಸಂಜೆ ನಾನು ಕೇಳುತ್ತೇನೆ. ಏನು ಕಂಡಿರೋ ಅದನ್ನೇ ಹೇಳಿ. ಏನೂ ಚೆನ್ನಾಗಿರಲಿಲ್ಲ ಎಂದರೂ ಸರಿ.

ಕತ್ತಲಾಗುವ ಹೊತ್ತಿಗೆ ಸಾಂಜೊ ಸೇತುವೆಯ ಮೇಲೆ ಬನ್ನಿ. ಬೆಟ್ಟದ ಬೆಂಕಿ ನೋಡಲು ಜನ ಕಿಕ್ಕಿರಿದಿರುತ್ತಾರೆ, ಹುಡುಕಿ. ನಾನು ಮೊದಲೇ ಬಂದು ನಿಂತಿರುತ್ತೇನೆ. ಕಾಯುವುದು ನನಗೆ ರೂಢಿಯಾಗಿದೆ.

ಮಸುಯೊ